ಬೇಸಗೆಯ ಸರೋವರದಲ್ಲಿ ದೊಡ್ಡ ಮೀನಿನ ನೆಲೆ

ಉತ್ತರ ಅಮೆರಿಕದ ಸರೋವರಗಳಲ್ಲಿ ಜುಲೈ ತಿಂಗಳಿನ ನಡುಹಗಲು ದಡದಲ್ಲಿ ಗಾಳ ಹಾಕಿ ಕುಳಿತವರಿಗೆ ಮೀನು ಸಿಗದೆ ಹೋಗುವುದು ಅಪರೂಪ. ಎರೆಹುಳುವನ್ನು ಚುಚ್ಚಿದ ಗಾಳವನ್ನು ಜೊಂಡಿನ ಅಂಚಿನಲ್ಲಿ ಇಳಿಬಿಟ್ಟ ಸ್ವಲ್ಪ ಹೊತ್ತಿನಲ್ಲಿಯೇ ಬೆಂಡು ಮುಳುಗುತ್ತದೆ. ಎಳೆದು ನೋಡಿದರೆ ಅಂಗೈ ಅಗಲಕ್ಕೂ ಬಾರದ ಬ್ಲೂಗಿಲ್ ಮೀನು. ಮತ್ತೆ ಹಾಕಿದರೆ ಮತ್ತೆ ಅಂಥದೇ ಮರಿ. ಒಂದೆರಡು ತಿಂಗಳ ಹಿಂದೆ ಇದೇ ದಡದ ನೀರಿನಲ್ಲಿ ದೊಡ್ಡ ಬ್ಲೂಗಿಲ್‌ಗಳು ಕಣ್ಣಿಗೆ ಕಾಣುವಂತೆ ಓಡಾಡುತ್ತಿದ್ದುವು. ಅವು ಈಗ ಎಲ್ಲಿಗೆ ಹೋದುವು?

ಆಳವಾದ ನೀರಿಗೆ ಎಂಬುದು ಅಲ್ಲಿನ ಬೆಸ್ತರ ಉತ್ತರ. ಉತ್ತರ ಸರಿಯೇ; ಆದರೆ ಪೂರ್ಣವಲ್ಲ. ಆಳ ಎಂದರೆ ಎಷ್ಟು ಆಳ? ತಳಕ್ಕೆ ಗಾಳವನ್ನು ಇಳಿಸಿದವನಿಗೆ ಅನೇಕ ಸರೋವರಗಳಲ್ಲಿ ಏನೂ ಸಿಗುವುದಿಲ್ಲ. ದೊಡ್ಡ ಮೀನು ಮೇಲೆಯೂ ಇಲ್ಲ, ತಳದಲ್ಲಿಯೂ ಇಲ್ಲ. ನಡುವೆ ಒಂದು ತೆಳುವಾದ ಪಟ್ಟಿಯಲ್ಲಿದೆ. ಆ ಪಟ್ಟಿಯನ್ನು ಗೊತ್ತುಮಾಡಲು ಗಾಳಕ್ಕಿಂತಲೂ ಮೊದಲು ಬೇಕಾದುದು ಉಷ್ಣಮಾಪಕ. ಅದು ಏಕೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಮೀನಿನ ಪರಿಚಯ. ಬ್ಲೂಗಿಲ್ ಎಂದರೆ ನೀಲಿ ಕಿವಿರು ಎಂದರ್ಥ. ಕಿವಿರು ಮುಚ್ಚಳದ ಕೆಳ ಅಂಚಿನ ನೀಲಿ ಛಾಯೆಯಿಂದ ಈ ಹೆಸರು ಬಂದಿದೆ. ಮುಚ್ಚಳದ ತುದಿಯಲ್ಲಿ ಕಿವಿಯಂಥ ಕಪ್ಪು ಮಚ್ಚೆಯಿರುತ್ತದೆ. ರಾಫಿನೆಸ್ಕ್ ಎಂಬ ಜೀವವಿಜ್ಞಾನಿ 1819ರಲ್ಲಿ ಇದನ್ನು ವರ್ಣಿಸಿ ಲೆಪೋಮಿಸ್ ಮ್ಯಾಕ್ರೊಕೈರಸ್ ಎಂಬ ಶಾಸ್ತ್ರೀಯ ನಾಮದಲ್ಲಿನ ಎರಡನೆಯ ಪದವನ್ನು ಕೊಟ್ಟನು. ಚಪ್ಪಟೆಯಾದ ಎತ್ತರದ ಮೈ, ಬಲು ಚಿಕ್ಕ ಬಾಯಿ. ಸಾಮಾನ್ಯವಾಗಿ 15ರಿಂದ 20 ಸೆಂಟಿಮೀಟರು ಉದ್ದ ಬೆಳೆಯುವ ಈ ಮೀನು 25 ಸೆಂಟಿಮೀಟರನ್ನು ಮುಟ್ಟಿದರೆ ಅದನ್ನು ದೊಡ್ಡದೆಂದೇ ಹೇಳಬೇಕು. 1950ರ ಏಪ್ರಿಲ್‌ನಲ್ಲಿ ಅಲಬಾಮ ರಾಜ್ಯದ ಕೆಟೋನ ಎಂಬಲ್ಲಿ, ನೀರು ತುಂಬಿದ ಹಳೆಯ ಸುಣ್ಣಕಲ್ಲಿನ ಗಣಿಯಲ್ಲಿ, 2 ಕಿಲೋಗ್ರಾಂಗೂ ಮೀರಿ ತೂಗಿದ ಬ್ಲೂಗಿಲ್ ಸಿಕ್ಕಿ ಅದು ವಿಶ್ವದಾಖಲೆಯಾಯಿತು.

ನೀರಿನ ಮೂರು ಪದರಗಳು

ನೀರು 4 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅತ್ಯಂತ ಸಾಂದ್ರವಾಗಿರುತ್ತದೆ ಎಂಬುದನ್ನು ನಾವು ಪ್ರೌಢಶಾಲೆಯಲ್ಲಿಯೇ ಕಲಿಯುತ್ತೇವೆ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಎದ್ದು ಕಾಣುವುದಿಲ್ಲ. ಒಂದು ಘನ ಮೀಟರು ನೀರನ್ನು 4 ಡಿಗ್ರಿಯಿಂದ 5 ಡಿಗ್ರಿಗೆ ಕಾಯಿಸಿದರೆ ಅಷ್ಟೇ ಗಾತ್ರದ ನೀರಿನ ತೂಕದಲ್ಲಿ ಕಡಿಮೆಯಾಗುವುದು ಸುಮಾರು 8 ಗ್ರಾಂ ಮಾತ್ರ. ಅದೇ 24 ಡಿಗ್ರಿಯಿಂದ 25 ಡಿಗ್ರಿಗೆ ಕಾಯಿಸಿದರೆ ಸುಮಾರು 250 ಗ್ರಾಂ ಕಡಿಮೆಯಾಗುತ್ತದೆ. ಎಂದರೆ ಬೆಚ್ಚನೆಯ ನೀರಿನಲ್ಲಿ ಒಂದು ಡಿಗ್ರಿಯ ವ್ಯತ್ಯಾಸ ತಣ್ಣನೆಯ ನೀರಿನಲ್ಲಿನ ಒಂದು ಡಿಗ್ರಿಗಿಂತ ಮೂವತ್ತು ಮಡಿ ಬಲವಾದುದು.

ಇದರ ಪರಿಣಾಮವನ್ನು ನೋಡೋಣ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ್ದ ಸರೋವರದ ಮಂಜುಗಡ್ಡೆ ವಸಂತದಲ್ಲಿ ಕರಗುತ್ತದೆ. ಆಗ ಮೇಲಿನ ನೀರಿಗೂ ಕೆಳಗಿನ ನೀರಿಗೂ ಉಷ್ಣತೆಯ ಭೇದ ಅತ್ಯಲ್ಪ. ಗಾಳಿ ಬೀಸಿದರೆ ಇಡೀ ಸರೋವರ ತಳದವರೆಗೂ ಕದಡುತ್ತದೆ. ಬೇಸಗೆ ಬಂದಂತೆ ಬಿಸಿಲು ಮೇಲಿನ ನೀರನ್ನು ಕಾಯಿಸುತ್ತದೆ. ಕಾದ ನೀರು ಹಗುರವಾಗಿ ಮೇಲೆಯೇ ಉಳಿಯುತ್ತದೆ. ದಿನ ಕಳೆದಂತೆ ಭೇದ ಹೆಚ್ಚುತ್ತದೆ. ಕೊನೆಗೆ ಗಾಳಿ ಎಷ್ಟು ಬೀಸಿದರೂ ಮೇಲಿನ ನೀರು ಮಾತ್ರ ಕದಡುವುದೇ ಹೊರತು ಕೆಳಗಿನದು ಅಲುಗುವುದಿಲ್ಲ.

ಗಾಳಿಗೆ ಅಷ್ಟು ಬಲವಿಲ್ಲವೆ ಎಂದು ಕೇಳಬಹುದು. ಸ್ವಲ್ಪ ಲೆಕ್ಕ ಹಾಕೋಣ. 25 ಡಿಗ್ರಿಯ ನೀರು 10 ಮೀಟರು ದಪ್ಪಕ್ಕೂ, ಅದರ ಕೆಳಗೆ 10 ಡಿಗ್ರಿಯ ನೀರು 10 ಮೀಟರು ದಪ್ಪಕ್ಕೂ ಇವೆಯೆಂದು ಇಟ್ಟುಕೊಳ್ಳೋಣ. ಇವೆರಡನ್ನೂ ಪೂರ್ತಿಯಾಗಿ ಬೆರೆಸಬೇಕಾದರೆ ಕೆಳಗಿನ ಭಾರದ ನೀರನ್ನು ಮೇಲೆತ್ತಬೇಕು, ಮೇಲಿನ ಹಗುರದ ನೀರನ್ನು ಕೆಳಗಿಳಿಸಬೇಕು. ಮೇಲ್ಮೈಯ ಒಂದೊಂದು ಚದರ ಮೀಟರಿಗೂ ಇದಕ್ಕೆ ತಗಲುವ ಕೆಲಸ ಸುಮಾರು 1300 ಜೂಲ್. ಎಂದರೆ 13 ಕಿಲೋಗ್ರಾಂ ತೂಕವನ್ನು 10 ಮೀಟರು ಎತ್ತರಕ್ಕೆ ಎತ್ತುವಷ್ಟು. ಹತ್ತಾರು ಚದರ ಕಿಲೋಮೀಟರು ವಿಸ್ತಾರದ ಸರೋವರಕ್ಕೆ ಇದನ್ನು ಗುಣಿಸಿ ನೋಡಿದರೆ ಗಾಳಿ ಸೋಲುವುದರಲ್ಲಿ ಆಶ್ಚರ್ಯವಿಲ್ಲ.

ಈ ವಿಷಯವನ್ನು ಕೂಲಂಕಷವಾಗಿ ಅಳೆದವರಲ್ಲಿ ಅಗ್ರಗಣ್ಯರು ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಎಡ್ವರ್ಡ್ ಬರ್ಜ್. ಮ್ಯಾಡಿಸನ್ ನಗರದಲ್ಲಿ, ವಿಶ್ವವಿದ್ಯಾನಿಲಯದ ಪಕ್ಕದಲ್ಲಿಯೇ ಮೆಂಡೋಟ ಸರೋವರವಿದೆ. ವಿಸ್ತಾರ ಸುಮಾರು 40 ಚದರ ಕಿಲೋಮೀಟರು, ಅತ್ಯಧಿಕ ಆಳ ಸುಮಾರು 25 ಮೀಟರು. ಬರ್ಜ್ ಅಲ್ಲಿ ದೋಣಿಯಿಂದ ಉಷ್ಣಮಾಪಕವನ್ನು ಇಳಿಸಿ ಮೀಟರು ಮೀಟರಿಗೂ ಉಷ್ಣತೆಯನ್ನು ಗುರುತಿಸಿದರು. ಮೇಲಿನಿಂದ ಕೆಲವು ಮೀಟರುಗಳವರೆಗೆ ಉಷ್ಣತೆ ಹೆಚ್ಚು ಕಡಿಮೆ ಒಂದೇ ಸಮನಾಗಿರುತ್ತದೆ. ಆ ಮೇಲೆ ಇದ್ದಕ್ಕಿದ್ದಂತೆ ಮೀಟರಿಗೆ ಒಂದು ಡಿಗ್ರಿಯೋ ಅದಕ್ಕಿಂತ ಹೆಚ್ಚೋ ಇಳಿಯಲು ತೊಡಗುತ್ತದೆ. ಅದರ ಕೆಳಗೆ ಮತ್ತೆ ಇಳಿತ ನಿಧಾನ. ಹೀಗೆ ಮೂರು ಪದರಗಳು. ಉಷ್ಣತೆ ಥಟ್ಟನೆ ಇಳಿಯುವ ನಡುಪದರಕ್ಕೆ 'ಥರ್ಮೊಕ್ಲೈನ್' ಎಂಬ ಹೆಸರನ್ನು ಬರ್ಜ್ 1897ರಲ್ಲಿ ಬಳಕೆಗೆ ತಂದರು. ಮೆಂಡೋಟದಲ್ಲಿ ಬೇಸಗೆಯ ಕೊನೆಗೆ ಇದು ಸುಮಾರು 10 ಮೀಟರಿನ ಆಸುಪಾಸಿನಲ್ಲಿರುತ್ತದೆ. ಗಾಳಿಗೆ ಮರೆಯಾದ ಚಿಕ್ಕ ಸರೋವರಗಳಲ್ಲಿ ಇನ್ನೂ ಮೇಲಕ್ಕೆ ಇರಬಹುದು.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಅಗಲವಾದ ಗಾಜಿನ ಪಾತ್ರೆಯಲ್ಲಿ ಅರ್ಧದಷ್ಟು ತಣ್ಣೀರು ತುಂಬಿ ಅದರ ಮೇಲೆ ಒಂದು ತೆಳುವಾದ ಮರದ ಚಕ್ಕೆಯನ್ನು ತೇಲಿಬಿಡಿ. ಬೆಚ್ಚನೆಯ ನೀರಿಗೆ ಎರಡು ತೊಟ್ಟು ಕೆಂಪು ಶಾಯಿ ಬೆರೆಸಿ, ಚಕ್ಕೆಯ ಮೇಲೆ ಮೆಲ್ಲಮೆಲ್ಲನೆ ಸುರಿಯಿರಿ. ಕೆಂಪು ನೀರು ಮೇಲೆ, ತಿಳಿನೀರು ಕೆಳಗೆ ಬೇರೆಬೇರೆಯಾಗಿ ನಿಲ್ಲುತ್ತವೆ. ಈಗ ಮೇಲ್ಮೈಯ ಮೇಲೆ ಬಾಯಿಂದ ಊದಿರಿ. ಕೆಂಪು ಪದರ ಸುತ್ತಿ ಸುಳಿಯುವುದೇ ಹೊರತು ಕೆಳಗಿನ ತಿಳಿನೀರಿಗೆ ಸುಲಭವಾಗಿ ಇಳಿಯುವುದಿಲ್ಲ. ಬೇಸಗೆಯ ಸರೋವರದ ಚಿತ್ರವೇ ಇದು.

ತಣ್ಣಗಿದ್ದರೂ ಉಸಿರಿಲ್ಲ

ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚಾಗಿ ಕರಗುತ್ತದೆ. ಗಾಳಿಯೊಡನೆ ಚೆನ್ನಾಗಿ ಬೆರೆತ ನೀರಿನಲ್ಲಿ 25 ಡಿಗ್ರಿಯಲ್ಲಿ ಲೀಟರಿಗೆ 8.3 ಮಿಲಿಗ್ರಾಂ ಆಮ್ಲಜನಕ ಇರಬಲ್ಲುದು. 10 ಡಿಗ್ರಿಯಲ್ಲಿ 11.3 ಮಿಲಿಗ್ರಾಂ. ಹಾಗಾದರೆ ಕೆಳಪದರವೇ ಮೀನಿಗೆ ಹಿತವಾದ ತಾಣವಾಗಬೇಕಲ್ಲವೆ?

ಆಗುವುದಿಲ್ಲ. ಏಕೆಂದರೆ ಎಷ್ಟು ಕರಗಬಲ್ಲುದು ಎಂಬುದು ಒಂದು, ಎಷ್ಟು ಉಳಿದಿದೆ ಎಂಬುದು ಇನ್ನೊಂದು. ಕೆಳಪದರಕ್ಕೂ ಗಾಳಿಗೂ ಇದ್ದ ಸಂಬಂಧ ವಸಂತದಲ್ಲಿಯೇ ಕಡಿದುಹೋಗಿದೆ. ಫಲವತ್ತಾದ ಸರೋವರದಲ್ಲಿ ಬಿಸಿಲು ಕೆಳಪದರದವರೆಗೆ ಇಳಿಯದ ಕಾರಣ ಸಸ್ಯಗಳೂ ಅಲ್ಲಿ ಆಮ್ಲಜನಕವನ್ನು ತಯಾರಿಸಲಾರವು. ಮೇಲಿನಿಂದಲಾದರೋ ಸತ್ತ ಪಾಚಿ, ಎಲೆ, ಕಸ ಎಡೆಬಿಡದೆ ಉದುರುತ್ತಿರುತ್ತದೆ. ಅದನ್ನು ಕೊಳೆಯಿಸುವ ಬ್ಯಾಕ್ಟೀರಿಯಗಳು ಇದ್ದ ಆಮ್ಲಜನಕವನ್ನು ದಿನದಿನವೂ ವ್ಯಯಮಾಡುತ್ತವೆ. ಜಮೆಯಿಲ್ಲದೆ ಖರ್ಚು ಮಾತ್ರವಿರುವ ಲೆಕ್ಕ ಬರಿದಾಗಲೇಬೇಕು. ಬರ್ಜ್ ಮತ್ತು ಅವರ ಸಹೋದ್ಯೋಗಿ ಚಾನ್ಸಿ ಜೂಡೆ ವಿಸ್ಕಾನ್ಸಿನ್ನಿನ ಅನೇಕ ಸರೋವರಗಳ ನೀರಿನಲ್ಲಿ ಕರಗಿದ ಅನಿಲಗಳನ್ನು ಅಳೆದು 1911ರಲ್ಲಿ ಪ್ರಕಟಿಸಿದ ಗ್ರಂಥ ಇದನ್ನು ನಿಸ್ಸಂದೇಹವಾಗಿ ತೋರಿಸಿತು. ಮೆಂಡೋಟದಂಥ ಸರೋವರದ ಕೆಳಪದರದಲ್ಲಿ ನಡುಬೇಸಗೆಯ ಹೊತ್ತಿಗೆ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ತಳಕ್ಕೆ ಇಳಿಸಿದ ಗಾಳಕ್ಕೆ ಮೀನು ಏಕೆ ಬೀಳುವುದಿಲ್ಲವೆಂಬುದು ಈಗ ತಿಳಿಯಿತಷ್ಟೆ.

ಹಾಗಾದರೆ ಮೇಲೇಕೆ ಇಲ್ಲ?

ಬಿಸಿಲಿನ ಬೇಗೆಯನ್ನು ತಾಳದೆ ಬ್ಲೂಗಿಲ್ ತಂಪನ್ನು ಅರಸಿಕೊಂಡು ಇಳಿಯುತ್ತದೆ ಎಂದು ಹಲವರು ಹೇಳುವುದುಂಟು. ಪ್ರಯೋಗಶಾಲೆಯ ಫಲಿತಾಂಶ ಇದಕ್ಕೆ ಒಪ್ಪುವುದಿಲ್ಲ. ಇಷ್ಟವಾದ ಉಷ್ಣತೆಯನ್ನು ಆರಿಸಿಕೊಳ್ಳಲು ಬಿಟ್ಟರೆ ಬ್ಲೂಗಿಲ್ ಸುಮಾರು 30 ಡಿಗ್ರಿಯ ನೀರಿನಲ್ಲಿ ನಿಲ್ಲುತ್ತದೆ. ಉತ್ತರದ ಸರೋವರಗಳ ಮೇಲ್ಮೈ ಅಷ್ಟು ಕಾಯುವುದೇ ವಿರಳ. ಆದುದರಿಂದ ಕಾರಣವನ್ನು ಬೇರೆಡೆ ಹುಡುಕಬೇಕು.

ಕಾರಣ ಆಹಾರ. ಸರೋವರದ ಬಯಲು ನೀರಿನಲ್ಲಿ ಡಾಫ್ನಿಯ ಎಂಬ ಜಲಚಿಗಟಗಳು ಹೇರಳವಾಗಿರುತ್ತವೆ. ಒಂದೆರಡು ಮಿಲಿಮೀಟರಿನ ಈ ಜೀವಿಗಳು ಹಗಲಿನಲ್ಲಿ ಬೆಳಕಿಗೆ ಅಂಜಿದಂತೆ ನಡುಪದರದತ್ತ ಇಳಿದು, ಕತ್ತಲಾದಂತೆ ಮೇಲೇರುತ್ತವೆ. ಬ್ಲೂಗಿಲ್ ಇವನ್ನು ಒಂದೊಂದಾಗಿ ಕಣ್ಣಿಟ್ಟು ನೋಡಿ, ಬಾಯಿಂದ ಹೀರಿ ನುಂಗುತ್ತದೆ. ಅಮೆರಿಕದ ಅರ್ಲ್ ವರ್ನರ್ ಮತ್ತು ಡೊನಾಲ್ಡ್ ಹಾಲ್ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ವಿಶೇಷ ಕಂಡುಬಂತು: ಡಾಫ್ನಿಯ ವಿರಳವಾಗಿದ್ದಾಗ ಬ್ಲೂಗಿಲ್ ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ, ಹೇರಳವಾಗಿದ್ದಾಗ ಸಣ್ಣವನ್ನು ಬಿಟ್ಟು ದೊಡ್ಡವನ್ನೇ ಆರಿಸುತ್ತದೆ.

ಬಯಲು ನೀರಿನಲ್ಲಿ ಇಷ್ಟು ಆಹಾರವಿರುವಾಗ ಮರಿಗಳೇಕೆ ಜೊಂಡನ್ನು ಬಿಟ್ಟು ಬರುವುದಿಲ್ಲ? ಇದಕ್ಕೂ ಪ್ರಯೋಗವೇ ಉತ್ತರ ಕೊಟ್ಟಿದೆ. ವರ್ನರ್, ಹಾಲ್ ಮತ್ತು ಅವರ ಸಂಗಡಿಗರು ಮಿಷಿಗನ್ನಿನಲ್ಲಿ ಒಂದು ಕೊಳವನ್ನು ಎರಡು ಭಾಗವಾಗಿ ವಿಂಗಡಿಸಿ, ಎರಡರಲ್ಲಿಯೂ ಬೇರೆಬೇರೆ ಗಾತ್ರದ ಬ್ಲೂಗಿಲ್‌ಗಳನ್ನು ಬಿಟ್ಟರು. ಒಂದು ಭಾಗದಲ್ಲಿ ಮಾತ್ರ ಬಾಸ್ ಎಂಬ ದೊಡ್ಡ ಬಾಯಿಯ ಬೇಟೆಮೀನುಗಳನ್ನು ಸೇರಿಸಿದರು. 1983ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಹೀಗಿದೆ: ಬಾಸ್ ಇದ್ದ ಕಡೆ ಮರಿಗಳು ಆಹಾರ ಕಡಿಮೆಯಾದರೂ ಗಿಡಗಳ ಮರೆಯಲ್ಲಿಯೇ ಉಳಿದು ನಿಧಾನವಾಗಿ ಬೆಳೆದುವು, ಬಾಸಿನ ಬಾಯಿಗೆ ಹಿಡಿಸದಷ್ಟು ದೊಡ್ಡವು ಅಂಜದೆ ಹೊರಗೆ ಮೇಯ್ದುವು. ಎಂದರೆ ಜೊಂಡಿನಲ್ಲಿ ಮರಿ, ಬಯಲಿನಲ್ಲಿ ಹಿರಿಯ ಎಂಬ ವಿಂಗಡಣೆ ಭಯ ಹಸಿವುಗಳ ಲೆಕ್ಕಾಚಾರದಿಂದ ಆದುದು.

ಈಗ ಎಲ್ಲವನ್ನೂ ಕೂಡಿಸಿ ನೋಡೋಣ. ಆಹಾರ ದೊಡ್ಡ ಮೀನನ್ನು ಬಯಲು ನೀರಿಗೆ ಸೆಳೆದು, ಹಗಲಿನಲ್ಲಿ ಕೆಳಕ್ಕೆ ಕರೆಯುತ್ತದೆ. ಆಮ್ಲಜನಕದ ಕೊರತೆ ಕೆಳಗಿನಿಂದ ತಡೆಯುತ್ತದೆ. ಇವೆರಡೂ ಸೇರುವ ಎಡೆಯಲ್ಲಿ, ಮೇಲ್ಪದರದ ಕೊನೆಯಲ್ಲಿಯೋ ನಡುಪದರದ ಮೊದಲಲ್ಲಿಯೋ, ದೊಡ್ಡ ಬ್ಲೂಗಿಲ್ ನಿಂತಿದೆ.

ಪಟ್ಟಿಯನ್ನು ಗೊತ್ತುಮಾಡುವ ಬಗೆ

ಈಗಿನ ದೋಣಿಗಳಲ್ಲಿ ಪ್ರತಿಧ್ವನಿಯಿಂದ ಮೀನನ್ನು ಪತ್ತೆಹಚ್ಚುವ ಯಂತ್ರಗಳಿವೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1480 ಮೀಟರು. 8 ಮೀಟರು ಕೆಳಗಿರುವ ಮೀನಿನಿಂದ ಪ್ರತಿಧ್ವನಿ ಸೆಕೆಂಡಿನ ನೂರರಲ್ಲೊಂದು ಭಾಗದಲ್ಲಿ ಹಿಂದಿರುಗುತ್ತದೆ. ಆದರೆ ಯಂತ್ರವಿಲ್ಲದೆಯೂ ಕೆಲಸ ಸಾಗುತ್ತದೆ. ಒಂದು ಸೀಸೆಗೆ ಕಲ್ಲು ಕಟ್ಟಿ, ಬಿರಡೆ ಹಾಕಿ, ಬಿರಡೆಗೆ ಬೇರೊಂದು ಗಟ್ಟಿ ದಾರವನ್ನು ಬಿಗಿಯಬೇಕು. ಸೀಸೆಯ ಹಗ್ಗಕ್ಕೆ ಮೀಟರಿಗೊಂದು ಗಂಟು. ಬೇಕಾದ ಆಳಕ್ಕೆ ಇಳಿಸಿ ಬಿರಡೆಯನ್ನು ಜಗ್ಗಿದರೆ ಅಲ್ಲಿನ ನೀರು ಒಳಗೆ ತುಂಬುತ್ತದೆ. ದಾರ ಗಟ್ಟಿಯಾಗಿರಬೇಕಾದುದಕ್ಕೂ ಭೌತಶಾಸ್ತ್ರವೇ ಕಾರಣ: 10 ಮೀಟರು ಆಳದಲ್ಲಿ 2 ಸೆಂಟಿಮೀಟರು ವ್ಯಾಸದ ಬಿರಡೆಯನ್ನು ನೀರು ಸುಮಾರು 3 ಕಿಲೋಗ್ರಾಂ ತೂಕದಷ್ಟು ಬಲದಿಂದ ಒಳಕ್ಕೆ ಒತ್ತುತ್ತಿರುತ್ತದೆ. ಸೀಸೆಯನ್ನು ತಡಮಾಡದೆ ಮೇಲೆಳೆದು ಉಷ್ಣಮಾಪಕವಿಟ್ಟು ಓದಬೇಕು. ಹೀಗೆ ಮೀಟರು ಮೀಟರಿಗೂ ಬರೆದುಕೊಂಡರೆ ಉಷ್ಣತೆ ಥಟ್ಟನೆ ಇಳಿಯುವ ಎಡೆ ಕಾಗದದ ಮೇಲೆ ತಾನಾಗಿ ಕಾಣುತ್ತದೆ. ಕೆಳಗಿನಿಂದ ತಂದ ನೀರು ಕೊಳೆತ ಮೊಟ್ಟೆಯಂತೆ ನಾರಿದರೆ ಅಲ್ಲಿ ಹೈಡ್ರೊಜನ್ ಸಲ್ಫೈಡ್ ಇದೆ, ಆಮ್ಲಜನಕವಿಲ್ಲ ಎಂದು ತಿಳಿಯಬೇಕು.

ತಿಳಿನೀರಿನ ಸರೋವರಗಳಲ್ಲಿ ಬೆಳಕು ಆಳಕ್ಕೆ ಹೋಗುವುದರಿಂದ ನಡುಪದರದಲ್ಲಿಯೂ ಆಮ್ಲಜನಕ ಉಳಿದಿರಬಹುದು. ಅಲ್ಲಿ ಮೀನು ಇನ್ನೂ ಕೆಳಗಿದ್ದೀತು. ನೀರಿನ ತಿಳಿಯನ್ನು ಅಳೆಯಲು ಇಟಲಿಯ ಆಂಜೆಲೊ ಸೆಕ್ಕಿ 1865ರಲ್ಲಿ ಬಿಳಿಯ ತಟ್ಟೆಯನ್ನು ನೀರಿಗೆ ಇಳಿಸಿ, ಅದು ಕಣ್ಮರೆಯಾಗುವ ಆಳವನ್ನು ಗುರುತಿಸಿದರು. ಊಟದ ತಟ್ಟೆಯೊಂದಕ್ಕೆ ದಾರ ಕಟ್ಟಿ ಯಾರಾದರೂ ಇದನ್ನು ಮಾಡಬಹುದು.

ಆಳ ಗೊತ್ತಾದ ಮೇಲೆ ಗಾಳದ ಕೆಲಸ ಸುಲಭ. ಎರಡು ಮಿಲಿಮೀಟರಿನ ಜೀವಿಯನ್ನು ಹೀರುವ ಬಾಯಿಗೆ ಸಣ್ಣ ಗಾಳ, ತೆಳು ದಾರ, ಎರೆಹುಳುವಿನ ಒಂದು ತುಂಡು ಸಾಕು. ದಾರ ನೆಟ್ಟಗೆ ಇಳಿಯುವಷ್ಟು ಮಾತ್ರ ಸೀಸದ ಗುಂಡು ಇರಲಿ. ದಾರದಲ್ಲಿ ಬೇಕಾದ ಆಳಕ್ಕೆ ಗಂಟು ಹಾಕಿ, ಬೆಂಡು ಆ ಗಂಟಿನವರೆಗೆ ಸರಿದು ನಿಲ್ಲುವಂತೆ ಮಾಡಿದರೆ ಎರೆ ಪ್ರತಿಸಲವೂ ಅದೇ ಪಟ್ಟಿಯಲ್ಲಿ ತೂಗುತ್ತದೆ. ಎರೆ ಮೀನಿಗಿಂತ ತುಸು ಮೇಲಿರುವುದು ಲೇಸು. ದೋಣಿಯನ್ನು ಗಾಳಿಗೆ ಮೆಲ್ಲನೆ ತೇಲಬಿಟ್ಟು ಹಿಂಡನ್ನು ಹುಡುಕಬೇಕು. ಸಂಜೆಯಾದಂತೆ ಡಾಫ್ನಿಯ ಮೇಲೇರುವುದರಿಂದ ಗಂಟನ್ನೂ ಮೇಲಕ್ಕೆ ಸರಿಸುತ್ತಿರಬೇಕು.

ಹಿಡಿದ ಮೇಲೆ

ಇಲ್ಲಿಗೆ ವಿಷಯ ಮುಗಿಯಲಿಲ್ಲ. ಮೀನಿನ ಹೊಟ್ಟೆಯಲ್ಲಿ, ಅದು ಬೇಕಾದ ಆಳದಲ್ಲಿ ನಿಲ್ಲಲು ಸಹಾಯ ಮಾಡುವ ಗಾಳಿಚೀಲವೊಂದಿದೆ. ನಮ್ಮ ರೋಹು, ಕಾಟ್ಲಾ ಮೊದಲಾದ ಮೀನುಗಳಲ್ಲಿ ಈ ಚೀಲದಿಂದ ಅನ್ನನಾಳಕ್ಕೆ ಒಂದು ನಳಿಗೆ ಇರುತ್ತದೆ. ಹೆಚ್ಚಾದ ಗಾಳಿಯನ್ನು ಅವು ಹೊರಬಿಡಬಲ್ಲುವು. ಬ್ಲೂಗಿಲ್‌ನಲ್ಲಿ ಆ ನಳಿಗೆ ಇಲ್ಲ. ಚೀಲದ ಗಾಳಿ ಏನಿದ್ದರೂ ರಕ್ತದ ಮೂಲಕವೇ ನಿಧಾನವಾಗಿ ಕರಗಿ ಹೋಗಬೇಕು. ಅದಕ್ಕೆ ಗಂಟೆಗಳೇ ಹಿಡಿಯುತ್ತವೆ.

ಇಲ್ಲಿ ಬಾಯ್ಲನ ನಿಯಮವನ್ನು ನೆನೆಯೋಣ. ಮೇಲ್ಮೈಯಲ್ಲಿ ಒತ್ತಡ 1 ವಾಯುಮಂಡಲವಾದರೆ 10 ಮೀಟರು ಆಳದಲ್ಲಿ ಸುಮಾರು 2. ಅಲ್ಲಿಂದ ಮೀನನ್ನು ಅರ್ಧ ನಿಮಿಷದಲ್ಲಿ ಮೇಲೆಳೆದರೆ ಚೀಲದ ಗಾಳಿ ಇಮ್ಮಡಿಯಾಗಿ ಹಿಗ್ಗಲು ಹವಣಿಸುತ್ತದೆ. ಹೊಟ್ಟೆ ಉಬ್ಬುತ್ತದೆ; ಕೆಲವೊಮ್ಮೆ ಕಣ್ಣುಗುಡ್ಡೆಗಳು ಹೊರಚಾಚುತ್ತವೆ. ಅಂಥ ಮೀನನ್ನು ದಯೆಯಿಂದ ನೀರಿಗೆ ಮರಳಿ ಬಿಟ್ಟರೂ ಅದು ಇಳಿಯಲಾರದೆ ಮೇಲೆಯೇ ತೇಲುತ್ತ ಬಿಸಿಲಿಗೂ ಹಕ್ಕಿಗಳಿಗೂ ತುತ್ತಾಗಬಹುದು. 3 ಮೀಟರಿನಿಂದ ಎಳೆದರೆ ಹಿಗ್ಗುವುದು ಸುಮಾರು 1.3 ಮಡಿ ಮಾತ್ರ. ಆದುದರಿಂದ ಹಿಡಿದು ಬಿಡುವ ವಿನೋದ ದಡದ ನೀರಿಗೆ ಒಪ್ಪಬಹುದೇ ಹೊರತು ಆಳದ ನೀರಿಗೆ ಅಷ್ಟಾಗಿ ಒಪ್ಪುವುದಿಲ್ಲ. ಆಳದಲ್ಲಿ ಹಿಡಿಯುವವನು ಊಟಕ್ಕೆ ಬೇಕಾದ ನಾಲ್ಕನ್ನು ಹಿಡಿದು ಗಾಳವನ್ನು ಸುತ್ತಿಡುವುದೇ ನ್ಯಾಯ.

ಹಿರಿಯ ಮೀನುಗಳ ಬಗೆಗೆ ಈ ಎಚ್ಚರ ಏಕೆ ಬೇಕು? ಬ್ಲೂಗಿಲ್‌ನಲ್ಲಿ ಗೂಡು ಮಾಡಿ ಮೊಟ್ಟೆ ಕಾಯುವುದು ಗಂಡಿನ ಕೆಲಸ. ಕೆನಡಾದ ಒಪಿನಿಕನ್ ಸರೋವರದಲ್ಲಿ ನಡೆದು 1980ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಂತೆ ಗೂಡು ಕಾಯುವ ಗಂಡುಗಳು ಪ್ರಾಯಕ್ಕೆ ಬರುವುದು ಸುಮಾರು 7ನೆಯ ವರ್ಷದಲ್ಲಿ. ಅಷ್ಟು ಕಾಲ ಅವು ತಮ್ಮ ಶಕ್ತಿಯನ್ನೆಲ್ಲ ಬೆಳವಣಿಗೆಗೆ ಹಾಕುತ್ತವೆ. ಏಕೆಂದರೆ ಗೂಡಿನ ಜಾಗಕ್ಕಾಗಿ ದೊಡ್ಡ ಗಂಡುಗಳೊಡನೆ ಸ್ಪರ್ಧಿಸಬೇಕು. ದೊಡ್ಡವುಗಳನ್ನೇ ಆರಿಸಿ ಹಿಡಿದು ತೆಗೆದರೆ ಸ್ಪರ್ಧೆ ತಪ್ಪಿ, ಎಳೆಯ ಗಂಡುಗಳು ಬೇಗನೆ ಪ್ರಾಯಕ್ಕೆ ಬಂದು ಬೆಳವಣಿಗೆಯನ್ನು ಕುಂಠಿತಗೊಳಿಸಿಕೊಳ್ಳುತ್ತವೆ. ಕೆಲವು ವರ್ಷಗಳಲ್ಲಿ ಸರೋವರದ ತುಂಬ ಅಂಗೈಯಗಲದ ಮೀನುಗಳೇ ಉಳಿಯುತ್ತವೆ. ಮಿನ್ನೆಸೋಟ ರಾಜ್ಯದಲ್ಲಿ 2021ರಿಂದ ಹಲವು ಸರೋವರಗಳಿಗೆ, ದಿನಕ್ಕೆ 20 ಎಂದಿದ್ದ ಮಿತಿಯನ್ನು 5ಕ್ಕೋ 10ಕ್ಕೋ ಇಳಿಸಿದುದು ಈ ಕಾರಣದಿಂದಲೇ.

ಇನ್ನೊಂದು ಆತಂಕವೂ ಉಂಟು. ಸಮಶೀತೋಷ್ಣ ವಲಯದ ಸುಮಾರು 400 ಸರೋವರಗಳ ದಾಖಲೆಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 1980ರಿಂದೀಚೆಗೆ ಆಳದ ನೀರಿನ ಆಮ್ಲಜನಕ ನೂರಕ್ಕೆ 18ಕ್ಕೂ ಹೆಚ್ಚು ಕಡಿಮೆಯಾಗಿದೆ. ಮೇಲಿನ ನೀರಿನಲ್ಲಿ ಕಡಿಮೆಯಾದುದು ನೂರಕ್ಕೆ 5ರಷ್ಟು. ಹವೆ ಬೆಚ್ಚಗಾದಂತೆ ಪದರಗಳು ಬೇಗ ಏರ್ಪಟ್ಟು ಹೆಚ್ಚು ಕಾಲ ನಿಲ್ಲುತ್ತವೆ. ಆದುದರಿಂದ ಕೆಳಪದರದ ಆಮ್ಲಜನಕ ಇನ್ನೂ ಬೇಗ ಬರಿದಾಗುತ್ತದೆ. ದೊಡ್ಡ ಬ್ಲೂಗಿಲ್ ನಿಲ್ಲುವ ಪಟ್ಟಿ ಕೆಳಗಿನಿಂದ ಸವೆಯುತ್ತಿದೆ ಎಂದು ಇದರ ಅರ್ಥ. ಪಟ್ಟಿ ಕಿರಿದಾದಷ್ಟೂ ಅದರಲ್ಲಿರುವ ಮೀನುಗಳನ್ನು ಹಿಡಿಯುವುದು ಸುಲಭವಾಗುತ್ತದೆ.

ಶರತ್ಕಾಲದಲ್ಲಿ ಮೇಲಿನ ನೀರು ತಣಿದು ಕೆಳಗಿನದಕ್ಕೆ ಸಮನಾದಾಗ ಗಾಳಿ ಮತ್ತೆ ಗೆಲ್ಲುತ್ತದೆ. ಪದರಗಳು ಕರಗಿ, ಇಡೀ ಸರೋವರ ತಳದವರೆಗೂ ಮತ್ತೊಮ್ಮೆ ಉಸಿರಾಡುತ್ತದೆ. ಮೀನುಗಳು ತಮಗೆ ಬೇಕಾದಲ್ಲಿಗೆ ಚದರಿಹೋಗುತ್ತವೆ. ಅಲ್ಲಿಯವರೆಗೆ ಅವು ಎಲ್ಲಿವೆ ಎಂಬುದು ಒಂದು ಉಷ್ಣಮಾಪಕ, ಒಂದು ಸೀಸೆ, ಗಂಟು ಹಾಕಿದ ಒಂದು ಹಗ್ಗ ಇರುವ ಯಾರಿಗೂ ತಿಳಿಯಬಹುದಾದ ವಿಷಯ. ತಿಳಿದ ಮೇಲೆ ಎಷ್ಟನ್ನು ಹಿಡಿಯಬೇಕು ಎಂಬುದನ್ನು ಉಷ್ಣಮಾಪಕ ಹೇಳುವುದಿಲ್ಲ. ಅದನ್ನು ಹಿಡಿಯುವವನೇ ನಿರ್ಣಯಿಸಬೇಕು.